ಅರವತ್ತು ದಾಟಿದವರಿಗೆ ಕ್ರೂಸ್: ಹಡಗು ನೋಡಿ ಅಲ್ಲ, ಬಂದರು ನೋಡಿ ಬುಕ್ ಮಾಡಿ

ಕ್ರೂಸ್ ಪ್ಯಾಕೇಜ್ ಮಾರುವವರು ನಿವೃತ್ತರಿಗೆ ತಪ್ಪದೆ ಹೇಳುವ ಮಾತೊಂದಿದೆ: ಪೆಟ್ಟಿಗೆ ಒಂದು ಸಲ ಬಿಚ್ಚಿಟ್ಟರೆ ಆಯಿತು, ಊರುಗಳೇ ನಿಮ್ಮ ಬಳಿಗೆ ಬರುತ್ತವೆ. ಮಾತು ಸುಳ್ಳಲ್ಲ. ಯುರೋಪಿನ ಬಸ್ ಟೂರ್‌ನಲ್ಲಿ ಬೆಳಗ್ಗೆ ಆರೂವರೆಗೆ ಸೂಟ್‌ಕೇಸ್ ಬಾಗಿಲ ಹೊರಗಿರಬೇಕು, ಏಳೂವರೆಗೆ ಬಸ್ ಹೊರಡುತ್ತದೆ, ಶೌಚಾಲಯ ಕಂಡಾಗ ಬೇಕಿರಲಿ ಬೇಡದಿರಲಿ ಹೋಗಿಬರಬೇಕು. ಹಡಗಿನಲ್ಲಿ ಈ ಗೋಳು ಯಾವುದೂ ಇಲ್ಲ. ಸುಸ್ತಾದರೆ ಮಲಗಬಹುದು, ಹೊತ್ತಲ್ಲದ ಹೊತ್ತಿನಲ್ಲೂ ಊಟ ಸಿಗುತ್ತದೆ, ರಾತ್ರಿ ಮೂರು ಸಲ ಏಳುವವರಿಗೆ ಬಾತ್‌ರೂಮ್ ನಾಲ್ಕೇ ಹೆಜ್ಜೆ.

ಆದರೆ ಆ ಮಾತಿನಲ್ಲಿ ಅರ್ಧವನ್ನು ನುಂಗಿದ್ದಾರೆ. ಊರು ಬರುವುದು ಹಡಗಿನ ಬಳಿಗೆ. ಹಡಗಿನಿಂದ ಊರಿಗೆ ಇಳಿದು, ಸುತ್ತಿ, ಹೇಳಿದ ಹೊತ್ತಿಗೆ ಮರಳಿ ಹತ್ತುವುದು ನಿಮ್ಮ ಮಂಡಿಗೆ ಬಿಟ್ಟ ಕೆಲಸ. ವಯಸ್ಸಾದವರು ಕ್ರೂಸ್‌ನಲ್ಲಿ ಬಳಲುವುದು ಸಮುದ್ರದಲ್ಲಿ ಕಳೆಯುವ ದಿನಗಳಲ್ಲಿ ಅಲ್ಲ. ಹಡಗು ಹತ್ತುವ ದಿನ, ಇಳಿಯುವ ದಿನ ಮತ್ತು ನಡುವಿನ ಬಂದರಿನ ದಿನಗಳಲ್ಲಿ. ಹಾಗಾಗಿ ಹಡಗಿನಲ್ಲಿ ಎಷ್ಟು ಈಜುಕೊಳ, ಎಷ್ಟು ರೆಸ್ಟೋರೆಂಟ್ ಎಂದು ನೋಡುವುದಕ್ಕೆ ಮೊದಲು ಅದು ಎಲ್ಲಿ, ಹೇಗೆ ನಿಲ್ಲುತ್ತದೆ ಎಂದು ನೋಡಬೇಕು.

ಹಡಗು ನಿಲ್ಲುವುದು ಎರಡು ಬಗೆ. ಒಂದು, ಕಟ್ಟೆಗೆ ತಾಗಿ ನಿಲ್ಲುವುದು. ಗ್ಯಾಂಗ್‌ವೇ ಎಂಬ ಸೇತುವೆ ಹಾಕುತ್ತಾರೆ, ನಡೆದು ಇಳಿಯುತ್ತೀರಿ, ಗಾಲಿಕುರ್ಚಿಯೂ ಇಳಿಯುತ್ತದೆ. ಉಬ್ಬರ ಇಳಿತ ಜೋರಾಗಿರುವ ಕಡೆ ಮಾತ್ರ ಎಚ್ಚರ ಬೇಕು. ಅಲಾಸ್ಕಾದ ಜೂನೋದಲ್ಲಿ ನೀರಿನ ಮಟ್ಟ ಕೆಲವು ದಿನ 15 ಅಡಿಗಿಂತ ಹೆಚ್ಚು ಏರಿಳಿಯುತ್ತದೆ. ಅಂಥ ಕಡೆ ಬೆಳಗ್ಗೆ ಸಮತಟ್ಟಾಗಿದ್ದ ಸೇತುವೆ ಸಂಜೆಗೆ ಕಡಿದಾದ ಏರಾಗಿರಬಹುದು. ಇನ್ನೊಂದು ಬಗೆಯಲ್ಲಿ ಹಡಗು ನಡುನೀರಿನಲ್ಲೇ ಲಂಗರು ಹಾಕುತ್ತದೆ; ದಡಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ಇದಕ್ಕೆ ಟೆಂಡರ್ ಎನ್ನುತ್ತಾರೆ. ಹಡಗಿನ ಪಕ್ಕದ ತೆರಪಿನಿಂದ, ಅಲೆಗೆ ಒಂದೆರಡು ಅಡಿ ಮೇಲೆ ಕೆಳಗೆ ಆಡುತ್ತಿರುವ ದೋಣಿಗೆ, ಸಿಬ್ಬಂದಿ ಎರಡೂ ತೋಳು ಹಿಡಿದಿರುವಾಗ, ಅವರು ಹೇಳಿದ ಕ್ಷಣಕ್ಕೆ ಹೆಜ್ಜೆ ಇಡಬೇಕು. ಮಂಡಿ ಬಾಗದವರಿಗೆ, ಕಣ್ಣಿಗೆ ಆಳ ಅಂದಾಜಾಗದವರಿಗೆ, ತಲೆಸುತ್ತು ಇರುವವರಿಗೆ ಇದು ನಿಜಕ್ಕೂ ಕಷ್ಟ. ಅಲೆ ಜೋರಿದ್ದರೆ ಸಿಬ್ಬಂದಿಯೇ ಬೇಡ ಎನ್ನುತ್ತಾರೆ, ಆಗ ವಾದ ಮಾಡಿ ಪ್ರಯೋಜನವಿಲ್ಲ. ನಡೆಯಲಾಗದವರು ಕೂತು ಓಡಾಡುವ ಬ್ಯಾಟರಿ ಸ್ಕೂಟರನ್ನು ಟೆಂಡರ್‌ಗೆ ಹತ್ತಿಸುವುದಂತೂ ಬಹುತೇಕ ಆಗದ ಮಾತು.

ಎರಡು ಉದಾಹರಣೆ ಸಾಕು. ಗ್ರೀಸಿನ ಸ್ಯಾಂಟೊರಿನಿ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಅಲ್ಲಿ ಕ್ರೂಸ್ ಹಡಗು ಬಂಡೆಯ ಬುಡದ ನೀರಿನಲ್ಲಿ ನಿಲ್ಲುತ್ತದೆ, ಟೆಂಡರ್‌ನಲ್ಲಿ ಹಳೆಯ ಬಂದರಿಗೆ ಹೋಗಬೇಕು, ಅಲ್ಲಿಂದ ಫಿರಾ ಊರು ಮೇಲೆ. ಹತ್ತಲು 580ಕ್ಕೂ ಹೆಚ್ಚು ಮೆಟ್ಟಿಲು, ಇಲ್ಲವೇ ಕತ್ತೆಯ ಬೆನ್ನು, ಇಲ್ಲವೇ ಕೇಬಲ್ ಕಾರ್. ಎರಡು ಮೂರು ಹಡಗು ಒಟ್ಟಿಗೆ ಬಂದ ದಿನ ಕೇಬಲ್ ಕಾರ್‌ನ ಸಾಲು ಒಂದು ಗಂಟೆ ಮೀರುತ್ತದೆ, ನೆರಳೂ ಅಷ್ಟಕ್ಕಷ್ಟೆ. ನಮ್ಮಲ್ಲೇ ನೋಡಿದರೆ ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗು ಅಗತ್ತಿಯ ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ದ್ವೀಪಕ್ಕೆ ಸಣ್ಣ ದೋಣಿಯೇ ಗತಿ. ಮೊಮ್ಮಕ್ಕಳು ನೀರಿಗೆ ಹಾರುತ್ತಾರೆ, ಅಜ್ಜಿ ದೋಣಿ ಹತ್ತಲಾರದೆ ಹಡಗಿನಲ್ಲೇ ಕೂರುತ್ತಾರೆ. ಬುಕ್ ಮಾಡುವಾಗಲೇ ಇದು ಗೊತ್ತಿದ್ದರೆ ಬೇಸರವಿಲ್ಲ. ಕಂಪನಿಗಳು ಮಾರ್ಗಪಟ್ಟಿಯಲ್ಲಿ ಬಂದರಿನ ಹೆಸರಿನ ಪಕ್ಕ ಟೆಂಡರ್ ಎಂದೋ, ಲಂಗರಿನ ಚಿತ್ರವನ್ನೋ ಹಾಕಿರುತ್ತವೆ. ಅದನ್ನು ಎಣಿಸಿ. ಏಳು ದಿನದಲ್ಲಿ ಎರಡಕ್ಕಿಂತ ಹೆಚ್ಚು ಟೆಂಡರ್ ಇದ್ದರೆ ಮಂಡಿನೋವಿನವರಿಗೆ ಆ ಮಾರ್ಗ ಬೇಡ.

ಇನ್ನೊಂದು ಕಣ್ಕಟ್ಟು ಊರಿನ ಹೆಸರಿನಲ್ಲಿದೆ. ಬ್ರೋಶರ್‌ನಲ್ಲಿ ರೋಮ್ ಎಂದಿರುತ್ತದೆ. ಹಡಗು ನಿಲ್ಲುವುದು ಚಿವಿಟವೆಕ್ಯಾದಲ್ಲಿ, ರೋಮ್‌ಗೆ ಅಲ್ಲಿಂದ ಎಪ್ಪತ್ತು ಎಂಬತ್ತು ಕಿಲೋಮೀಟರ್. ಫ್ಲಾರೆನ್ಸ್ ಎಂದರೆ ಲಿವೊರ್ನೊ, ಪ್ಯಾರಿಸ್ ಎಂದರೆ ಲ ಹಾವ್ರ್, ಅದಂತೂ ಸುಮಾರು 200 ಕಿಲೋಮೀಟರ್. ಬ್ಯಾಂಕಾಕ್ ಎಂದರೆ ಲೇಮ್ ಚಬಾಂಗ್, ಬಸ್ಸಿನಲ್ಲಿ ಎರಡು ಗಂಟೆ. ಅಂಥ ದಿನ ಬೆಳಗ್ಗೆ ಏಳಕ್ಕೆ ಇಳಿದರೆ ಸಂಜೆ ಐದಕ್ಕೆ ಹತ್ತುವುದು. ಅಂದರೆ ತಪ್ಪಿಸಿಕೊಳ್ಳಬೇಕೆಂದುಕೊಂಡ ಬಸ್ ಟೂರ್ ಇಲ್ಲಿಯೂ ಗಂಟುಬಿತ್ತು. ಒಂದು ಮೆಡಿಟರೇನಿಯನ್ ಮಾರ್ಗದಲ್ಲಿ ನೇಪಲ್ಸ್, ರೋಮ್, ಫ್ಲಾರೆನ್ಸ್ ಮೂರೂ ಸಾಲಾಗಿ ಮೂರು ದಿನ ಬಂದರೆ ಎಪ್ಪತ್ತರ ದೇಹ ಮೂರನೆಯ ದಿನ ಮುಷ್ಕರ ಹೂಡುತ್ತದೆ. ಎರಡು ಬಂದರಿಗೆ ಒಂದು ಸಮುದ್ರದ ದಿನ ಸಿಗುವ ಮಾರ್ಗ ಹುಡುಕಿ.

ಇದನ್ನು ಅರಿತ ಪ್ರಯಾಣಿಕರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಲು ದೂರ ಹೋಗಬೇಕಿಲ್ಲ. ನವ ಮಂಗಳೂರು ಬಂದರಿಗೆ ಮಳೆಗಾಲ ಮುಗಿದ ಮೇಲೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಪಣಂಬೂರಿನಲ್ಲಿ ಇಳಿಯುವವರಲ್ಲಿ ನರೆಗೂದಲಿನವರೇ ಎದ್ದು ಕಾಣುತ್ತಾರೆ. ಗಟ್ಟಿಗರು ಬಸ್ ಹಿಡಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಬರುತ್ತಾರೆ. ಅಷ್ಟು ಶಕ್ತಿ ಇಲ್ಲದವರು ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್ ನೋಡಿ ಊಟದ ಹೊತ್ತಿಗೆ ಹಡಗಿಗೆ ಮರಳುತ್ತಾರೆ. ಇನ್ನು ಕೆಲವರು ಇಳಿಯುವುದೇ ಇಲ್ಲ. ಬಂದರಿನ ದಿನ ಹಡಗು ಖಾಲಿ, ಕೊಳದ ಬಳಿ ಬೇಕಾದ ಕುರ್ಚಿ, ಲಿಫ್ಟ್‌ಗೆ ಕಾಯಬೇಕಿಲ್ಲ. ದುಡ್ಡು ಕೊಟ್ಟಿದ್ದೇವೆ, ಎಲ್ಲ ನೋಡಲೇಬೇಕು ಎಂಬ ನಮ್ಮವರ ಹಟ ಅವರಿಗಿಲ್ಲ.

ಹಾಗಾದರೆ ಯಾವ ಮಾರ್ಗ? ಮೊದಲ ಸಲಕ್ಕೆ ಅಲಾಸ್ಕಾದ ಒಳಜಲಮಾರ್ಗ ಹಿರಿಯರಿಗೆ ಹೇಳಿ ಮಾಡಿಸಿದ್ದು. ಹೆಚ್ಚಿನ ದಾರಿ ದ್ವೀಪಗಳ ಮರೆಯಲ್ಲಿ ಸಾಗುವುದರಿಂದ ಅಲೆ ಕಡಿಮೆ. ಕೆಚಿಕಾನ್, ಜೂನೋ, ಸ್ಕಾಗ್ವೇ ಮೂರರಲ್ಲೂ ಸಾಮಾನ್ಯವಾಗಿ ಕಟ್ಟೆಗೇ ನಿಲ್ಲುತ್ತದೆ, ಪೇಟೆಯೂ ಹತ್ತಿರ. ಎಲ್ಲಕ್ಕಿಂತ ಮುಖ್ಯ, ಗ್ಲೇಸಿಯರ್ ಬೇ ಹೊಕ್ಕರೆ ಹಿಮನದಿಯನ್ನು ಕುರ್ಚಿಯಲ್ಲಿ ಕೂತೇ ನೋಡಬಹುದು. ಅಮೆರಿಕದ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ಅಪ್ಪ ಅಮ್ಮಂದಿರಿಗೆ ಇದೇ ಒಳ್ಳೆಯ ಆಯ್ಕೆ. ಅದರ ವೀಸಾ ತೊಡಕನ್ನು ಮುಂದೆ ಹೇಳುತ್ತೇನೆ. ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ಹೋಗುವ ಮೂರು ನಾಲ್ಕು ರಾತ್ರಿಯ ಪ್ರಯಾಣ ಎರಡನೆಯದು. ಬೆಂಗಳೂರಿನಿಂದ ನೇರ ವಿಮಾನ, ಮಲಕ್ಕಾ ಜಲಸಂಧಿಯಲ್ಲಿ ಅಲೆ ಕಡಿಮೆ, ಗೆಂಟಿಂಗ್ ಡ್ರೀಮ್‌ನಂಥ ಹಡಗಿನಲ್ಲಿ ಭಾರತೀಯ ಸಸ್ಯಾಹಾರಕ್ಕೆ ಕೊರತೆಯಿಲ್ಲ. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಪಾತಾಂಗ್ ಎದುರು ನಿಂತರೆ ಟೆಂಡರ್ ಆಗುತ್ತದೆ, ಕೇಳಿಕೊಳ್ಳಿ. ಮುಂಬೈ–ಗೋವಾ ವಾರಾಂತ್ಯದ ಎರಡು ರಾತ್ರಿಯ ಪ್ರಯಾಣ ಅಗ್ಗ ನಿಜ, ಆದರೆ ಅದರ ಗದ್ದಲ, ಡಿಜೆ, ಲಿಫ್ಟ್ ಎದುರಿನ ನೂಕುನುಗ್ಗಲು ನೋಡಿ ಕ್ರೂಸ್ ಎಂದರೆ ಇಷ್ಟೇ ಎಂದುಕೊಳ್ಳಬಾರದು. ವಾರದ ನಡುವಿನ ಪ್ರಯಾಣ ಆರಿಸಿಕೊಂಡರೆ ಅದೇ ಹಡಗು ಬೇರೆಯೇ ಅನ್ನಿಸುತ್ತದೆ. ಅರಬ್ಬಿ ಸಮುದ್ರಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮೆಡಿಟರೇನಿಯನ್‌ಗೆ ಮೇ ಅಥವಾ ಸೆಪ್ಟೆಂಬರ್. ಜುಲೈ, ಆಗಸ್ಟ್‌ನ ಬಿಸಿಲಲ್ಲಿ ರೋಮ್‌ನ ಕಲ್ಲುಹಾಸಿನ ಮೇಲೆ ನಡೆಯುವುದು ಹಿರಿಯರಿಗೆ ಶಿಕ್ಷೆ. ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಋತು. ಹಡಗು ಮಾರ್ಗ ಬದಲಿಸಿ ತಪ್ಪಿಸಿಕೊಳ್ಳುತ್ತದೆ, ನೀವು ನೋಡಬೇಕೆಂದಿದ್ದ ಬಂದರು ತಪ್ಪುತ್ತದೆ.

ವಾಂತಿಯ ಭಯ ಇರುವವರಿಗೆ ನದಿ ಕ್ರೂಸ್ ಒಳ್ಳೆಯದು ಎಂದು ಸಲಹೆ ಕೊಡುವುದುಂಟು. ಹೊಟ್ಟೆಗೆ ಒಳ್ಳೆಯದು, ಮಂಡಿಗೆ ಅಲ್ಲ. ಡ್ಯಾನ್ಯೂಬ್, ರೈನ್ ನದಿಗಳ ಲಾಕ್‌ಗಳಲ್ಲಿ (ನೀರಿನ ಮಟ್ಟ ಏರಿಸಿ ಇಳಿಸಿ ಹಡಗನ್ನು ದಾಟಿಸುವ ಕಿರಿದಾದ ಕಟ್ಟೆಗಳಲ್ಲಿ) ತೂರಬೇಕಾದ್ದರಿಂದ ಅಲ್ಲಿನ ಹಡಗುಗಳ ಉದ್ದ 135 ಮೀಟರ್, ಅಗಲ ಹನ್ನೊಂದೂವರೆ ಮೀಟರ್ ಒಳಗೇ ಇರುತ್ತದೆ. ಜಾಗ ಇಕ್ಕಟ್ಟು, ಲಿಫ್ಟ್ ಇದ್ದರೂ ಕೆಳಗಿನ ಡೆಕ್ ಅಥವಾ ಮೇಲಿನ ಬಿಸಿಲು ಡೆಕ್‌ಗೆ ಹೋಗದಿರುವುದೇ ಹೆಚ್ಚು. ಬುಡಾಪೆಸ್ಟ್, ವಿಯೆನ್ನಾದಂಥ ಕಡೆ ಜಾಗ ಸಾಲದೆ ಎರಡು ಮೂರು ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟಿರುತ್ತಾರೆ. ದಡ ಮುಟ್ಟಲು ಪಕ್ಕದ ಹಡಗನ್ನು ಹಾದು, ಕೆಲವೊಮ್ಮೆ ಅದರ ಮೇಲ್ಡೆಕ್‌ಗೆ ಏರಿ ಇಳಿದು ಹೋಗಬೇಕು. ಹೆಚ್ಚಿನವುಗಳಲ್ಲಿ ವೈದ್ಯರೂ ಇರುವುದಿಲ್ಲ, ದಡದ ಆಸ್ಪತ್ರೆ ಹತ್ತಿರವಿರುವುದೇ ಸಮಾಧಾನ. 2018 ಮತ್ತು 2022ರಲ್ಲಿ ಆದಂತೆ ರೈನ್‌ನಲ್ಲಿ ನೀರು ಇಳಿದರೆ ಹಡಗಿನ ಪ್ರಯಾಣ ಅರ್ಧಕ್ಕೆ ಬಸ್ ಪ್ರಯಾಣವಾಗಿಬಿಡುತ್ತದೆ. ನಮ್ಮ ಗಂಗಾ, ಬ್ರಹ್ಮಪುತ್ರದ ಕ್ರೂಸ್‌ಗಳಿಗೂ ಇದೇ ಮಾತು. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ 51 ದಿನಗಳ ಪಯಣ ಹೊರಟ ಗಂಗಾ ವಿಲಾಸ್ 36 ಪ್ರಯಾಣಿಕರ ಸುಖಾಸೀನ ನೌಕೆಯೇ. ಆದರೂ ನದಿದಂಡೆ ನದಿದಂಡೆಯೇ, ಎಲ್ಲ ಕಡೆಯೂ ಜೆಟ್ಟಿ ಇರುವುದಿಲ್ಲ, ಹಲಗೆ ಮೇಲೆ ನಡೆದು ಮಣ್ಣಿನ ದಿಣ್ಣೆ ಹತ್ತಬೇಕಾಗುತ್ತದೆ.

ಇನ್ನು ಕ್ಯಾಬಿನ್. ಹಡಗು ಎರಡು ಬಗೆಯಲ್ಲಿ ಆಡುತ್ತದೆ: ಅಕ್ಕಪಕ್ಕಕ್ಕೆ ಓಲಾಡುವುದು, ಮುಂದೆ ಹಿಂದೆ ಏರಿಳಿಯುವುದು. ಹೊಟ್ಟೆಯ ಎರಡೂ ಬದಿ ಚಾಚುವ ಸ್ಟೆಬಿಲೈಸರ್ ರೆಕ್ಕೆಗಳು ಮೊದಲನೆಯದನ್ನು ತಡೆಯುತ್ತವೆ, ಎರಡನೆಯದಕ್ಕೆ ಹೆಚ್ಚೇನೂ ಮಾಡಲಾರವು. ಆದ್ದರಿಂದ ಮೂತಿಯ ಕ್ಯಾಬಿನ್ ಬೇಡ, ಬಾಲದ್ದೂ ಬೇಡ. ನಡುಭಾಗ, ಕೆಳಗಿನ ಡೆಕ್, ಲಿಫ್ಟ್‌ಗೆ ಹತ್ತಿರ. ದೊಡ್ಡ ಹಡಗುಗಳು 300 ಮೀಟರ್ ಮೀರುತ್ತವೆ. ಒಂದು ತುದಿಯ ಕ್ಯಾಬಿನ್‌ನಿಂದ ಇನ್ನೊಂದು ತುದಿಯ ಊಟದ ಕೋಣೆಗೆ ದಿನಕ್ಕೆ ಮೂರು ಸಲ ಹೋಗಿಬಂದರೆ ಎರಡು ಕಿಲೋಮೀಟರ್ ಹತ್ತಿರ ಆಯಿತು. ಡೆಕ್ ಪ್ಲಾನ್ ತೆರೆದು ಮೇಲೆ ಕೆಳಗೆ ಏನಿದೆ ನೋಡಿ. ಈಜುಕೊಳದ ಡೆಕ್‌ನ ಕೆಳಗಿನ ಕ್ಯಾಬಿನ್ ಸಿಕ್ಕರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದೇ ಸುಪ್ರಭಾತ. ಒಳಗಿನ, ಕಿಟಕಿಯಿಲ್ಲದ ಕ್ಯಾಬಿನ್ ಅಗ್ಗ, ಆದರೆ ದೀಪ ಆರಿಸಿದರೆ ಕಾರ್ಗತ್ತಲು. ರಾತ್ರಿ ಎದ್ದವರು ದಿಕ್ಕು ತಪ್ಪಿ ಬೀಳುವುದು ಅಲ್ಲೇ. ಬ್ಯಾಟರಿಯ ಪುಟ್ಟ ನೈಟ್‌ಲ್ಯಾಂಪ್ ಒಯ್ಯಿರಿ. ಮೊಮ್ಮಕ್ಕಳೊಡನೆ ಮೂರ್ನಾಲ್ಕು ಜನ ಒಂದೇ ಕ್ಯಾಬಿನ್ ಹಿಡಿದರೆ ಹೆಚ್ಚುವರಿ ಹಾಸಿಗೆ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಯುವ ಮೇಲಿನ ಬರ್ತ್ ಆಗಿರಬಹುದು, ಅದು ಮಕ್ಕಳಿಗೆ ಇರಲಿ.

ಬಾತ್‌ರೂಮ್ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಬಾಗಿಲಲ್ಲಿ ನೀರು ತಡೆಯುವ ಹೊಸ್ತಿಲು ಇರುತ್ತದೆ, ಹಳೆಯ ಹಡಗುಗಳಲ್ಲಿ ಆರು ಇಂಚಿನವರೆಗೂ ಎತ್ತರ. ಕಾಲಿನ ಹೆಬ್ಬೆರಳಿಗೆ ಅದು ಮೊದಲ ದಿನವೇ ಪರಿಚಯವಾಗುತ್ತದೆ. ಶವರ್ ಒಬ್ಬರು ನಿಲ್ಲುವಷ್ಟು, ಪರದೆ ಮೈಗೆ ಅಂಟುತ್ತದೆ, ಕೂರಲು ಸ್ಟೂಲ್ ಇಲ್ಲ. ಮೊದಲೇ ಕೇಳಿಕೊಂಡರೆ ಕೊಡುತ್ತಾರೆ. ಬಕೆಟ್, ಚೊಂಬು, ಜೆಟ್ ಸ್ಪ್ರೇ ಬಹುತೇಕ ವಿದೇಶಿ ಹಡಗುಗಳಲ್ಲಿ ಇಲ್ಲ. ಒಂದು ಪ್ಲಾಸ್ಟಿಕ್ ಮಗ್ ಪೆಟ್ಟಿಗೆಯಲ್ಲಿರಲಿ. ಶೌಚ ವಿಮಾನದಲ್ಲಿರುವಂತೆ ನಿರ್ವಾತದಲ್ಲಿ ಎಳೆಯುತ್ತದೆ, ಒದ್ದೆ ಟಿಶ್ಯೂ ಹಾಕಿದರೆ ನಿಮ್ಮದಲ್ಲದೆ ಇಡೀ ಸಾಲಿನ ಕ್ಯಾಬಿನ್‌ಗಳದ್ದು ಕಟ್ಟಿಕೊಳ್ಳುತ್ತದೆ. ಗಾಲಿಕುರ್ಚಿ ಬಳಸುವವರಿಗೆ ಸಾಮಾನ್ಯ ಕ್ಯಾಬಿನ್ ಆಗುವುದೇ ಇಲ್ಲ: ಅದರ ಬಾಗಿಲು ಸುಮಾರು 22–23 ಇಂಚು ಅಗಲ, ಸಾಧಾರಣ ಗಾಲಿಕುರ್ಚಿ ಅದಕ್ಕಿಂತ ಅಗಲ. ಅಂಗವಿಕಲರಿಗೆಂದೇ ಮಾಡಿದ ಕ್ಯಾಬಿನ್‌ನಲ್ಲಿ ಬಾಗಿಲು ಅಗಲ, ಹೊಸ್ತಿಲಿಲ್ಲ, ಹಿಡಿಕೆಗಳಿವೆ, ಕೂತು ಸ್ನಾನ ಮಾಡಬಹುದು. ಇವು ಒಂದೊಂದು ಹಡಗಿನಲ್ಲಿ ಕೆಲವೇ ಇರುವುದರಿಂದ ಎಂಟು ಹತ್ತು ತಿಂಗಳ ಮೊದಲೇ ಹೋಗಿಬಿಡುತ್ತವೆ. ಹಡಗಿನವರ ಗಾಲಿಕುರ್ಚಿ ಹತ್ತಿಸಿ ಇಳಿಸಲು ಮಾತ್ರ. ದಿನವಿಡೀ ಬೇಕಿದ್ದರೆ ಸ್ವಂತದ್ದು ಒಯ್ಯಬೇಕು ಅಥವಾ ಬಾಡಿಗೆಗೆ ಮೊದಲೇ ಹೇಳಿಡಬೇಕು.

ಸಮುದ್ರ ಹೊಟ್ಟೆಗೆ ಒಗ್ಗದಿರಲು ಕಾರಣ, ಒಳಕಿವಿ ಅಲುಗಾಟವನ್ನು ಹೇಳುತ್ತಿರುವಾಗ ಕಣ್ಣು ಎಲ್ಲ ಸ್ಥಿರವಾಗಿದೆ ಎನ್ನುವುದು. ಡೆಕ್‌ಗೆ ಹೋಗಿ ದಿಗಂತ ನೋಡಿದರೆ ಎರಡೂ ಒಂದೇ ಮಾತಾಡತೊಡಗುತ್ತವೆ. ಶುಂಠಿ ಕೆಲವರಿಗೆ ಸಾಕಾಗುತ್ತದೆ. ಮಾತ್ರೆಗಳಲ್ಲಿ ಹಿರಿಯರು ಜಾಗ್ರತೆ ವಹಿಸಬೇಕು, ಇದನ್ನು ಒತ್ತಿ ಹೇಳುತ್ತೇನೆ. ಅವೋಮಿನ್‌ನಲ್ಲಿರುವ ಪ್ರೊಮೆಥಜಿನ್ ಯುವಕರಿಗೆ ನಿದ್ದೆ ಬರಿಸುತ್ತದೆ ಅಷ್ಟೆ. ಎಪ್ಪತ್ತರವರಿಗೆ ಮಂಪರು, ಗೊಂದಲ, ಬಾಯಿ ಒಣಗುವುದು, ಎದ್ದಾಗ ತಲೆಸುತ್ತು. ಪ್ರಾಸ್ಟೇಟ್ ಊದಿಕೊಂಡವರಿಗೆ ಮೂತ್ರ ಕಟ್ಟಬಹುದು, ಒಂದು ಬಗೆಯ ಗ್ಲಾಕೋಮಾದವರಿಗೆ ಕಣ್ಣಿನ ಒತ್ತಡ ಏರಬಹುದು. ಸ್ಟೆಮೆಟಿಲ್, ಸ್ಟುಜೆರಾನ್ ಮಾತ್ರೆಗಳು ಪಾರ್ಕಿನ್ಸನ್ ಇರುವವರ ನಡುಕ, ಬಿಗಿತ ಹೆಚ್ಚಿಸುತ್ತವೆ. ಕಿವಿಯ ಹಿಂದೆ ಅಂಟಿಸುವ ಸ್ಕೋಪಲಮಿನ್ ಪ್ಯಾಚ್ ಪ್ರಬಲ ನಿಜ, ವಯಸ್ಸಾದವರಲ್ಲಿ ಅದರಿಂದ ಇಲ್ಲದ್ದು ಕಾಣಿಸುವುದೂ ಉಂಟು. ಮನೆಯ ವೈದ್ಯರಿಗೆ ನಿಮ್ಮ ಎಲ್ಲ ಮಾತ್ರೆಗಳ ಪಟ್ಟಿ ತೋರಿಸಿ ಯಾವುದು, ಎಷ್ಟು ಎಂದು ಕೇಳಿ. ಹೊರಡುವ ವಾರ ಮೊದಲು ಮನೆಯಲ್ಲೇ ಒಂದು ರಾತ್ರಿ ತೆಗೆದುಕೊಂಡು ನೋಡಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಬೇಕು.

ಹಡಗಿನ ಆಸ್ಪತ್ರೆಯಿಂದ ಏನು ನಿರೀಕ್ಷಿಸಬಹುದು? ದೊಡ್ಡ ಸಮುದ್ರ ಹಡಗುಗಳಲ್ಲಿ ವೈದ್ಯರು, ದಾದಿಯರು ಹಗಲಿರುಳೂ ಸಿಗುತ್ತಾರೆ. ಇಸಿಜಿ, ಎಕ್ಸ್‌ರೇ, ವೆಂಟಿಲೇಟರ್, ಹೃದಯಕ್ಕೆ ಶಾಕ್ ಕೊಡುವ ಯಂತ್ರ, ರಕ್ತದ ಹೆಪ್ಪು ಕರಗಿಸುವ ಔಷಧ ಸಾಮಾನ್ಯವಾಗಿ ಇರುತ್ತವೆ. ಆಂಜಿಯೋಪ್ಲಾಸ್ಟಿ ಇಲ್ಲ, ರಕ್ತನಿಧಿ ಇಲ್ಲ, ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಇಲ್ಲ. ಈ ಕೊನೆಯದು ಮುಖ್ಯ: ಪಾರ್ಶ್ವವಾಯು ಬಡಿದರೆ ಅದು ಹೆಪ್ಪೋ ರಕ್ತಸ್ರಾವವೋ ಎಂದು ಸ್ಕ್ಯಾನ್ ಇಲ್ಲದೆ ತಿಳಿಯದು, ತಿಳಿಯದೆ ಹೆಪ್ಪು ಕರಗಿಸುವ ಔಷಧ ಕೊಡುವಂತಿಲ್ಲ. ದಡ ತೀರ ದೂರವಿದ್ದರೆ ಹೆಲಿಕಾಪ್ಟರ್ ಕೂಡ ಬರಲಾರದು. ಆದ್ದರಿಂದ ಕಳೆದ ಆರು ತಿಂಗಳಲ್ಲಿ ಹೃದಯಾಘಾತ, ಸ್ಟೆಂಟ್, ಸ್ಟ್ರೋಕ್ ಆದವರು ಹೃದಯತಜ್ಞರ ಒಪ್ಪಿಗೆ ಇಲ್ಲದೆ ಹೊರಡಬಾರದು. ಒಪ್ಪಿದರೂ ಅಟ್ಲಾಂಟಿಕ್ ದಾಟುವ ಮಾರ್ಗ ಬಿಟ್ಟು ಕರಾವಳಿ ಗುಂಟ ಸಾಗುವುದನ್ನೇ ಆರಿಸಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಸಾಮಾನ್ಯ ಕ್ರೂಸ್ ಆಗದು.

ಹಡಗಿನ ವೈದ್ಯರ ಬಿಲ್ ನಿಮ್ಮ ಕ್ಯಾಬಿನ್ ಖಾತೆಗೆ ಡಾಲರ್‌ನಲ್ಲಿ ಬೀಳುತ್ತದೆ, ಕಟ್ಟಿದ ಮೇಲೆ ವಿಮೆಯವರಿಂದ ಪಡೆಯಬೇಕು. ಊರಿನ ಮೆಡಿಕ್ಲೈಮ್ ಇಲ್ಲಿ ಬಹುತೇಕ ಕೆಲಸಕ್ಕೆ ಬಾರದು, ಪ್ರವಾಸ ವಿಮೆ ಬೇರೆ ಬೇಕು. ಪಾಲಿಸಿ ಕೊಳ್ಳುವಾಗ ಒಟ್ಟು ಮೊತ್ತ ನೋಡಿ ಮರುಳಾಗಬೇಡಿ. ಅರವತ್ತು ದಾಟಿದವರ ಪಾಲಿಸಿಗಳಲ್ಲಿ ಐಸಿಯು, ಶಸ್ತ್ರಚಿಕಿತ್ಸೆ, ವೈದ್ಯರ ಶುಲ್ಕಕ್ಕೆ ಪ್ರತ್ಯೇಕ ಮಿತಿ ಹಾಕಿರುತ್ತಾರೆ. ಐವತ್ತು ಸಾವಿರ ಡಾಲರ್ ಎಂದು ಬರೆದಿದ್ದರೂ ದಿನದ ಐಸಿಯುಗೆ ಸಿಗುವುದು ಅದರ ಚೂರು. ಬಿಪಿ, ಶುಗರ್, ಹೃದಯದ ತೊಂದರೆ ಮೊದಲೇ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ, ಮುಚ್ಚಿಟ್ಟದ್ದೇ ಕ್ಲೈಮ್ ತಿರಸ್ಕರಿಸಲು ಕಾರಣವಾಗುತ್ತದೆ. ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಹತ್ತಾರು ಸಾವಿರ ಡಾಲರ್ ಆಗಬಹುದು. ಅದಕ್ಕೆ, ಮತ್ತು ಹೇಳಲು ಕಷ್ಟವಾದರೂ ಪಾರ್ಥಿವ ಶರೀರವನ್ನು ಊರಿಗೆ ತರುವ ಖರ್ಚಿಗೆ, ಎಷ್ಟು ಮಿತಿ ಇದೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಔಷಧಿ ಕೈಚೀಲದಲ್ಲೇ ಇರಲಿ. ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ಕಟ್ಟೆಯಲ್ಲೇ ತೆಗೆದುಕೊಳ್ಳುತ್ತಾರೆ, ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ, ಕೆಲವೊಮ್ಮೆ ರಾತ್ರಿ. ಅಷ್ಟರಲ್ಲಿ ಮಧ್ಯಾಹ್ನದ ಮಾತ್ರೆ, ಇನ್ಸುಲಿನ್ ತಪ್ಪಿರುತ್ತದೆ. ಪ್ರಯಾಣದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚು ಇಟ್ಟುಕೊಳ್ಳಿ, ಔಷಧದ ಮೂಲ ಹೆಸರಿರುವ ಚೀಟಿಯೂ ಇರಲಿ. ಬ್ರಾಂಡ್ ಹೆಸರು ಹೊರದೇಶದ ವೈದ್ಯರಿಗೆ ಅರ್ಥವಾಗದು. ಕ್ಯಾಬಿನ್‌ನ ಮಿನಿಬಾರ್ ಎಷ್ಟೋ ಸಲ ಬರೀ ತಂಪುಪೆಟ್ಟಿಗೆ, ಇನ್ಸುಲಿನ್‌ಗೆ ಬೇಕಾದ ಶೀತ ಹಿಡಿಯುವುದಿಲ್ಲ. ವೈದ್ಯಕೀಯ ಫ್ರಿಜ್ ಮತ್ತು ಸೂಜಿ ಹಾಕುವ ಡಬ್ಬಿ ಬೇಕೆಂದು ಬುಕಿಂಗ್‌ನಲ್ಲೇ ಬರೆಸಿ. ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಊದುವ ಸಿಪ್ಯಾಪ್ ಯಂತ್ರ ಬಳಸುವವರು ಎಕ್ಸ್‌ಟೆನ್ಶನ್ ವೈರ್ ಮತ್ತು ಡಿಸ್ಟಿಲ್ಡ್ ನೀರನ್ನೂ ಹೀಗೆಯೇ ಕೇಳಬೇಕು. ಸರ್ಜ್ ಪ್ರೊಟೆಕ್ಟರ್ ಇರುವ ಸ್ವಂತ ಬೋರ್ಡ್ ಒಯ್ದರೆ ವಶಪಡಿಸಿಕೊಳ್ಳುತ್ತಾರೆ, ಹಡಗಿನ ವಿದ್ಯುತ್ ಜೋಡಣೆ ಮನೆಯಂತಲ್ಲ, ಅದರಲ್ಲಿ ಬೆಂಕಿಯ ಅಪಾಯವಿದೆ.

ಇದೇ ಕಾರಣಕ್ಕೆ ನಮ್ಮವರ ಪ್ರೀತಿಯ ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಎಲ್ಲ ಸ್ಕ್ಯಾನರ್‌ನಲ್ಲೇ ನಿಲ್ಲುತ್ತವೆ, ಮರಳಿ ಸಿಗುವುದು ಕೊನೆಯ ದಿನ. ಬದಲಿಗೆ ಒಳ್ಳೆಯ ಸ್ಟೀಲ್ ಫ್ಲಾಸ್ಕ್ ಒಯ್ಯಿರಿ. ಬಫೆಯಲ್ಲಿ ಬಿಸಿನೀರು ಬಹುತೇಕ ಎಲ್ಲ ಹೊತ್ತೂ ಸಿಗುತ್ತದೆ. ಬಿಸಿನೀರು ಹಾಕಿದರೆ ಸಾಕಾಗುವ ಎಂಟಿಆರ್ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ಮುಚ್ಚಿದ್ದಾದರೆ ಸಾಮಾನ್ಯವಾಗಿ ಬಿಡುತ್ತಾರೆ. ಮನೆಯಲ್ಲಿ ಮಾಡಿದ ಚಕ್ಕುಲಿ, ಚಟ್ನಿಪುಡಿಗೆ ಅನೇಕ ಕಂಪನಿಗಳು ಒಪ್ಪುವುದಿಲ್ಲ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಮೊಟ್ಟೆ, ಕೆಲವು ಕಡೆ ಮೀನಿನ ಸಾಸ್ ಕೂಡ ಬಂದೀತು. ಭಾರತೀಯ ಸಸ್ಯಾಹಾರ, ಮೊಟ್ಟೆ ಇಲ್ಲ, ಬೇಕಿದ್ದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂದು ಹೊರಡುವ ಎರಡು ತಿಂಗಳ ಮೊದಲೇ ಬರೆಸಿ. ಹತ್ತಿದ ದಿನ ಊಟದ ಕೋಣೆಯ ಮುಖ್ಯಸ್ಥರಿಗೆ ಮತ್ತೊಮ್ಮೆ ಹೇಳಿ. ರಾತ್ರಿಯೂಟ ಎರಡು ಪಾಳಿ ಇದ್ದರೆ ಆರು ಗಂಟೆ ಆಸುಪಾಸಿನ ಮೊದಲ ಪಾಳಿ ಹಿಡಿಯಿರಿ. ಎಂಟೂವರೆಯ ಪಾಳಿಯಲ್ಲಿ ಮುಖ್ಯ ಊಟ ತಟ್ಟೆಗೆ ಬೀಳುವಾಗ ಒಂಬತ್ತಾಗಿರುತ್ತದೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ಸಲ್ಲದು. ಸೂಪ್, ಬ್ರೆಡ್, ಚೀಸ್‌ನಲ್ಲಿ ಉಪ್ಪು ಧಾರಾಳ. ಮೂರನೆಯ ದಿನಕ್ಕೆ ಪಾದ ಊದುವುದು ಇದರಿಂದಲೇ.

ಹಡಗಿನಲ್ಲಿ ಹರಡುವ ವಾಂತಿಭೇದಿಗೆ ಹೆಚ್ಚಾಗಿ ಕಾರಣ ನೊರೋವೈರಸ್. ಬಾಗಿಲಲ್ಲಿ ಕೊಡುವ ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಅದು ಸುಲಭಕ್ಕೆ ಜಗ್ಗುವುದಿಲ್ಲ, ಸೋಪು ಹಚ್ಚಿ ತೊಳೆಯಬೇಕು. ಬಫೆಯಲ್ಲಿ ಸಾವಿರ ಕೈ ಮುಟ್ಟಿದ ಸೌಟು ಮುಟ್ಟಿ, ತಟ್ಟೆ ಮೇಜಿಗಿಟ್ಟು, ಮತ್ತೊಮ್ಮೆ ಕೈ ತೊಳೆದು ಊಟಕ್ಕೆ ಕೂರಿ. ಕೈಯಲ್ಲೇ ತಿನ್ನುವ ನಮಗೆ ಇದು ಇನ್ನೂ ಮುಖ್ಯ. ಕ್ಯಾಬಿನ್‌ನಲ್ಲೇ ಕೂಡಿಹಾಕುತ್ತಾರೆಂದು ಹೆದರಿ ಕಾಯಿಲೆ ಮುಚ್ಚಿಡುವವರಿದ್ದಾರೆ. ಬಿಪಿಗೆ ನೀರು ಇಳಿಸುವ ಮಾತ್ರೆ ತಿನ್ನುವ ಹಿರಿಯರು ಹೀಗೆ ಮಾಡಿದರೆ ಒಂದೇ ದಿನದಲ್ಲಿ ಮೂತ್ರಪಿಂಡಕ್ಕೆ ಕುತ್ತು.

ಈಗ ವೀಸಾ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಅಲಾಸ್ಕಾ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುವುದು ಚಂದಕ್ಕಲ್ಲ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ ಎಂಬ 1886ರ ಕಾನೂನು ಅದಕ್ಕೆ ಕಾರಣ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಜೊತೆಗೆ ಕೆನಡಾದ ವೀಸಾ ಕೂಡ ಬೇಕು, ವಿಕ್ಟೋರಿಯಾದಲ್ಲಿ ಇಳಿಯದೆ ಕೂರುತ್ತೇವೆ ಎಂದರೂ ಬೇಕು. ಮಕ್ಕಳು ಅಮೆರಿಕದ ಪೌರರು, ಅವರಿಗೆ ಅಗತ್ಯವಿಲ್ಲ, ಅದೇ ಗುಂಗಿನಲ್ಲಿ ಅಪ್ಪ ಅಮ್ಮನಿಗೂ ಬುಕ್ ಮಾಡಿರುತ್ತಾರೆ. ಕೌಂಟರ್‌ನಲ್ಲಿ ತಡೆದರೆ ಹಣವೂ ವಾಪಸ್ಸಿಲ್ಲ, ವಿಮೆಯೂ ಕೊಡುವುದಿಲ್ಲ. ಕೆನಡಾ ವೀಸಾಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಊರಿನಲ್ಲಿರುವಾಗಲೇ ಅರ್ಜಿ ಹಾಕುವುದು ಒಳ್ಳೆಯದು. ಮೆಕ್ಸಿಕೋಗೆ ಈ ಚಿಂತೆಯಿಲ್ಲ, ಚಾಲ್ತಿಯಲ್ಲಿರುವ ಅಮೆರಿಕ ವೀಸಾ ನಡೆಯುತ್ತದೆ. ಗ್ರೀಸಿನಿಂದ ಹೊರಟು ಟರ್ಕಿಯ ಕುಶಾದಸಿ ಮುಟ್ಟಿ ಗ್ರೀಸಿಗೆ ಮರಳುವ ಹಡಗಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಒಂದಕ್ಕಿಂತ ಹೆಚ್ಚು ಪ್ರವೇಶದ್ದಾಗಿರಬೇಕು, ಜೊತೆಗೆ ಟರ್ಕಿಯ ನಿಯಮವನ್ನೂ ಕಂಪನಿಯಿಂದ ಬರೆಸಿಕೊಳ್ಳಿ.

ಹಣದ ಲೆಕ್ಕದಲ್ಲಿ ಜಾಹೀರಾತಿನ ದರ ಇಬ್ಬರು ಹಂಚಿಕೊಂಡಾಗ ತಲಾ ಒಬ್ಬರದು. ಒಂಟಿ ಹಿರಿಯರಿಗೆ ಅದು ಹೆಚ್ಚುಕಡಿಮೆ ದುಪ್ಪಟ್ಟು. ಅದರ ಮೇಲೆ ಬಂದರು ತೆರಿಗೆ, ದಿನಕ್ಕೆ ತಲಾ 16ರಿಂದ 20 ಡಾಲರ್ ಟಿಪ್ಸ್, ವೈಫೈ, ಊರು ಸುತ್ತಾಟ. ವಿದೇಶಿ ಪ್ಯಾಕೇಜನ್ನು ಭಾರತದ ಏಜೆಂಟ್ ಮೂಲಕ ಕೊಂಡರೆ ಟಿಸಿಎಸ್, ಅಂದರೆ ಮಾರುವವರೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಸೇರುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಹೊಂದಾಣಿಕೆ ಆಗುವ ಹಣ ಅದು, ಪಿಂಚಣಿದಾರರು ಮರೆತುಬಿಡುತ್ತಾರೆ. ಮೊಬೈಲನ್ನು ಹಡಗು ಕಟ್ಟೆ ಬಿಡುವ ಮೊದಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದ ನೆಟ್‌ವರ್ಕ್ ಸಾಮಾನ್ಯ ರೋಮಿಂಗ್ ಪ್ಯಾಕ್‌ನಲ್ಲಿ ಬರುವುದಿಲ್ಲ, ನಾಲ್ಕು ವಾಟ್ಸಾಪ್ ಗುಡ್ ಮಾರ್ನಿಂಗ್‌ಗೆ ಸಾವಿರಾರು ರೂಪಾಯಿ ಬಿಲ್ ಬರುತ್ತದೆ.

ಹಡಗು ಹೊರಡುವ ಊರಿಗೆ ಹಿಂದಿನ ದಿನವೇ ತಲುಪಿ, ಅದು ಮುಂಬೈ ಆದರೂ ಸರಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಬಂದರುಗಳಲ್ಲೂ ಅಷ್ಟೆ: ಹಡಗಿನವರೇ ನಡೆಸುವ ಸುತ್ತಾಟ ತಡವಾದರೆ ಕಾಯುತ್ತಾರೆ, ನೀವೇ ಟ್ಯಾಕ್ಸಿ ಹಿಡಿದು ಹೋಗಿದ್ದರೆ ಕಾಯುವುದಿಲ್ಲ. ಮೊದಲ ದಿನದ ಸುರಕ್ಷತಾ ಡ್ರಿಲ್ ಕಡ್ಡಾಯ. ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ಕ್ಯಾಬಿನ್ ಒಂಬತ್ತನೆಯ ಡೆಕ್, ಸೇರಬೇಕಾದ ಜಾಗ ನಾಲ್ಕನೆಯದಾದರೆ ಐದು ಮಹಡಿ ಮೆಟ್ಟಿಲು. ಇಳಿಯಲಾಗದವರು ಅಂದೇ ಸ್ವಾಗತ ಕೌಂಟರ್‌ನಲ್ಲಿ ಸಹಾಯ ಬೇಕಾದವರ ಪಟ್ಟಿಗೆ ಹೆಸರು ಬರೆಸಬೇಕು. ಏಳು ಅಥವಾ ಹೆಚ್ಚು ಗಿಡ್ಡ ಸೀಟಿ, ಕೊನೆಗೊಂದು ಉದ್ದನೆಯದು ಕೇಳಿದರೆ ಅದು ತುರ್ತು ಕರೆ. ಶ್ರವಣಯಂತ್ರ ತೆಗೆದಿಟ್ಟು ಮಲಗುವವರು ಹಾಸಿಗೆ ಅಲುಗಿಸಿ ಎಬ್ಬಿಸುವ ಸಾಧನ ಕೇಳಿ ಪಡೆಯಬಹುದು.

ಕೊನೆಯ ರಾತ್ರಿ ಹತ್ತು ಹನ್ನೊಂದರೊಳಗೆ ಪೆಟ್ಟಿಗೆಗಳನ್ನು ಕ್ಯಾಬಿನ್ ಹೊರಗಿಡಬೇಕು, ಅವು ಮತ್ತೆ ಸಿಗುವುದು ಮರುದಿನ ಟರ್ಮಿನಲ್‌ನಲ್ಲಿ. ಬೆಳಗಿನ ಮಾತ್ರೆ, ಹಲ್ಲಿನ ಸೆಟ್, ಕನ್ನಡಕ, ಪಾಸ್‌ಪೋರ್ಟ್, ಮರುದಿನದ ಬಟ್ಟೆ, ಚಪ್ಪಲಿ ಇವಿಷ್ಟನ್ನು ಕೈಚೀಲಕ್ಕೆ ಹಾಕಿದ ಮೇಲೆಯೇ ಪೆಟ್ಟಿಗೆ ಮುಚ್ಚಿ. ಪ್ಯಾಂಟನ್ನೂ ಪ್ಯಾಕ್ ಮಾಡಿ ಪೈಜಾಮದಲ್ಲಿ ಇಳಿಯುವವರು ಪ್ರತಿ ಹಡಗಿನಲ್ಲೂ ಇರುತ್ತಾರೆ. ಗಾಲಿಕುರ್ಚಿ ಬೇಕಿದ್ದರೆ ಹಿಂದಿನ ದಿನವೇ ಹೇಳಿ, ಸೇರುವ ಜಾಗ ಮತ್ತು ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬೆಳಗ್ಗೆ ಏಳಕ್ಕೆ ಹಡಗು ಕಟ್ಟೆ ಮುಟ್ಟಿದರೂ ಸರದಿ, ಪೆಟ್ಟಿಗೆ, ವಲಸೆ ತಪಾಸಣೆ ಮುಗಿಯುವಾಗ ಹತ್ತು ಗಂಟೆ. ಮರಳುವ ವಿಮಾನ ಮಧ್ಯಾಹ್ನ ಒಂದರ ನಂತರದ್ದೇ ಇರಲಿ.